ಎರಡು ಕೀ ಕೈಯಲ್ಲಿದ್ದರೆ ಮೂರನೆಯದು ಮನೆಯಲ್ಲೇ

ಅಮೆರಿಕದ ಯಾವುದೋ ಊರಿನ ದಿನಸಿ ಮಳಿಗೆಯ ಮುಂದಿನ ಪಾರ್ಕಿಂಗ್ ಜಾಗ. ಅಲ್ಲೊಂದು ಹದಿನೈದಿಪ್ಪತ್ತು ವರ್ಷ ಓಡಿ ಬಣ್ಣ ಮಾಸಿದ ಫೋರ್ಡ್ ಕಾರು. ಅದರ ಮಾಲೀಕ ಈಗಷ್ಟೇ ಪಕ್ಕದ ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಲ್ಲರೆ ದುಡ್ಡಿಗೆ ಒಂದು ಡ್ಯೂಪ್ಲಿಕೇಟ್ ಕೀ ಮಾಡಿಸಿಕೊಂಡು ಬಂದಿದ್ದಾನೆ. ಹೊಳೆಯುವ ಹೊಸ ಕೀ ಬಾಗಿಲಿನ ಬೀಗಕ್ಕೆ ಸಲೀಸಾಗಿ ಹೊಕ್ಕಿತು, ಬಾಗಿಲು ತೆರೆಯಿತು. ಇಗ್ನಿಷನ್‌ನಲ್ಲೂ ತಕರಾರಿಲ್ಲದೆ ತಿರುಗಿತು. ಎಂಜಿನ್ ಮಾತ್ರ ಏಳಲಿಲ್ಲ. ಡ್ಯಾಶ್‌ಬೋರ್ಡ್ ಮೇಲಿನ ಪುಟ್ಟ ಕೆಂಪು ದೀಪವೊಂದು ಪಟಪಟನೆ ಮಿಟುಕತೊಡಗಿತು. ಹಳೆಯ ಕೀ ಹಾಕಿ ತಿರುಗಿಸಿದರೆ ಅದೇ ಕಾರು ಮೊದಲ ಸಲಕ್ಕೇ ಸ್ಟಾರ್ಟ್!

ಎರಡೂ ಕೀಗಳ ಹಲ್ಲುಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇರುವ ವ್ಯತ್ಯಾಸ ಕಣ್ಣಿಗೆ ಬೀಳುವಂಥದಲ್ಲ. ಹಳೆಯ ಕೀಯ ಕಪ್ಪು ಪ್ಲಾಸ್ಟಿಕ್ ತಲೆಯೊಳಗೆ ಒಂದು ಚಿಪ್ ಅಡಗಿ ಕೂತಿದೆ, ಹೊಸದರಲ್ಲಿ ಅದಿಲ್ಲ. ಹಲ್ಲು ಸರಿಯಿದ್ದುದರಿಂದ ಬೀಗ ಬಿಚ್ಚಿಕೊಂಡಿತು. ಚಿಪ್ ಉತ್ತರ ಕೊಡದ್ದರಿಂದ ಕಾರಿನ ಕಂಪ್ಯೂಟರ್ ಎಂಜಿನ್‌ಗೆ ಪೆಟ್ರೋಲ್ ಹರಿಯಲು ಬಿಡಲಿಲ್ಲ.

ಓದಲು, ದುಡಿಯಲು ಅಮೆರಿಕಕ್ಕೆ ಹೋದ ಕನ್ನಡಿಗರಲ್ಲಿ ಅನೇಕರ ಮೊದಲ ವಾಹನ ಇಂಥದೇ ಸೆಕೆಂಡ್ ಹ್ಯಾಂಡ್ ಕಾರು. ಹಲವು ಕೈ ದಾಟಿ ಬಂದ ಕಾರಿನ ಜೊತೆ ಒಂದೇ ಕೀ ಸಿಗುವುದೂ ಮಾಮೂಲು. ಅದೂ ಕಳೆದರೆ ಏನು ಗತಿ ಎಂಬ ದಿಗಿಲಿನಲ್ಲಿ ಡೀಲರ್ ಬಳಿ ವಿಚಾರಿಸಿದರೆ ನೂರು ಡಾಲರ್ ಮೀರಿದ ಲೆಕ್ಕ ಬರುತ್ತದೆ. ತಮಾಷೆಯೆಂದರೆ, ಹೊಸ ಚಿಪ್ ಕೀಯನ್ನು ಮನೆಯಂಗಳದಲ್ಲೇ, ಯಾವ ಉಪಕರಣವೂ ಇಲ್ಲದೆ, ಒಂದು ನಿಮಿಷದೊಳಗೆ ಕಾರಿಗೆ ಪರಿಚಯ ಮಾಡಿಸುವ ಕ್ರಮ ಅದೇ ಕಾರಿನ ಗ್ಲೋವ್ ಬಾಕ್ಸ್‌ನಲ್ಲಿ ಧೂಳು ತಿನ್ನುತ್ತಿರುವ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ. ಷರತ್ತು ಒಂದೇ: ಆ ಕಾರು ಈಗಾಗಲೇ ಗುರುತಿಸುವ ಎರಡು ಕೀಗಳು ಕೈಯಲ್ಲಿರಬೇಕು.

ಕಳ್ಳರ ಕಾಟ, ವಿಮೆಯವರ ಒತ್ತಡ

ಕೀಗೆ ವಿದ್ಯುತ್ತಿನ ಗುರುತು ಅಂಟಿಸುವ ಯೋಚನೆಯನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಜಾರಿಗೆ ತಂದದ್ದು ಜನರಲ್ ಮೋಟರ್ಸ್. 1986ರ ಶೆವರ್ಲೆ ಕಾರ್ವೆಟ್ ಕಾರಿನ ಕೀ ಅಲಗಿನ ಮೇಲೆ ಒಂದು ಕಪ್ಪು ಬಿಲ್ಲೆ ಇತ್ತು. ಅದರೊಳಗೆ ಇದ್ದದ್ದು ರೇಡಿಯೊ ರಿಪೇರಿ ಅಂಗಡಿಯಲ್ಲಿ ಸಿಗುವಂಥ ಸಾಮಾನ್ಯ ರೆಸಿಸ್ಟರ್. ಅದರ ರೋಧ ತಾಳೆಯಾಗದಿದ್ದರೆ ಕಾರು ಕೆಲವು ನಿಮಿಷ ಮುನಿಸಿಕೊಂಡು ಕೂರುತ್ತಿತ್ತು. ಕಳ್ಳರಿಗೆ ಇದು ಹೊಸ ತಲೆನೋವಾದದ್ದು ನಿಜ. ಆದರೆ ಒಟ್ಟು ಇದ್ದದ್ದು 15 ಬಗೆಯ ರೋಧ ಮಾತ್ರ. ಮಲ್ಟಿಮೀಟರ್ ಹಿಡಿಯಲು ಬರುವ ಯಾರೇ ಆದರೂ ಅಳೆದು ನಕಲು ಮಾಡಬಹುದಿತ್ತು.

ಚಿಪ್‌ಗೆ ನಿಜವಾದ ತಳ್ಳು ಸಿಕ್ಕಿದ್ದು ಯುರೋಪಿನಲ್ಲಿ. ಬರ್ಲಿನ್ ಗೋಡೆ ಬಿದ್ದು ಪೂರ್ವದ ಗಡಿಗಳು ತೆರೆದ ಮೇಲೆ ಜರ್ಮನಿಯಲ್ಲಿ ಕಾರು ಕಳವು ಏರಿತು, ವಿಮಾ ಕಂಪನಿಗಳು ಕಾರು ತಯಾರಕರ ಬೆನ್ನು ಬಿದ್ದವು. 1998ರ ಅಕ್ಟೋಬರ್‌ನಿಂದ ಐರೋಪ್ಯ ಒಕ್ಕೂಟದಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆಲ್ಲ ಎಂಜಿನ್ ಇಮ್ಮೊಬಿಲೈಸರ್, ಅಂದರೆ ಸರಿಯಾದ ಕೀ ಇಲ್ಲದೆ ಎಂಜಿನ್ ಏಳಗೊಡದ ಸಾಧನ, ಕಡ್ಡಾಯವಾಯಿತು. ಅದರ ಫಲವನ್ನು ಯಾನ್ ಫಾನ್ ಔರ್ಸ್ ಮತ್ತು ಬೆನ್ ಫೊಲಾರ್ಡ್ ಎಂಬ ಅರ್ಥಶಾಸ್ತ್ರಜ್ಞರು ನೆದರ್ಲೆಂಡ್ಸ್‌ನಲ್ಲಿ ಅಳೆದರು. 1995ರಿಂದ 2008ರ ಅವಧಿಯಲ್ಲಿ ಈ ಸಾಧನದಿಂದ ಕಾರು ಕಳವು ಸರಾಸರಿ ಶೇ 40ರಷ್ಟು ತಗ್ಗಿತೆಂಬುದು ಅವರ ಲೆಕ್ಕ. ಪೊಲೀಸ್ ಗಸ್ತು ಹೆಚ್ಚಿಸಿ ಇಂಥ ಫಲ ತೆಗೆಯುವುದು ಕಷ್ಟ.

ಅಮೆರಿಕದಲ್ಲಿ ಅಂಥ ಕಾನೂನು ಬರಲೇ ಇಲ್ಲ. ಅಲ್ಲಿ ಕಂಪನಿಗಳು ತಂತಮ್ಮ ಇಷ್ಟದಂತೆ ಚಿಪ್ ಹಾಕಿದವು. ಫೋರ್ಡ್ 1996ರ ಮಾದರಿಯ ಮಸ್ಟಾಂಗ್ ಮತ್ತು ಕೆಲವು ಟಾರಸ್ ಕಾರುಗಳಿಂದ ಆರಂಭಿಸಿ, ವರ್ಷಕ್ಕೆ ಕೆಲವು ಮಾದರಿಯಂತೆ ತನ್ನ ‘ಪ್ಯಾಟ್ಸ್’ ವ್ಯವಸ್ಥೆಯನ್ನು ಹರಡಿತು. ಇಂದು ‘ಹಳೆಯ ಕಾರು’ ಎಂದು ಕರೆಸಿಕೊಳ್ಳುವ ಫೋಕಸ್, ಎಸ್ಕೇಪ್, ಎಕ್ಸ್‌ಪ್ಲೋರರ್, ರೇಂಜರ್‌ಗಳ ಜೊತೆ ಬಂದದ್ದು ಈ ವ್ಯವಸ್ಥೆಯೇ.

ಬ್ಯಾಟರಿಯಿಲ್ಲದೆ ಮಾತಾಡುವ ಚಿಪ್

ಈ ಚಿಪ್‌ಗೆ ಬ್ಯಾಟರಿ ಇಲ್ಲ. ಇಗ್ನಿಷನ್ ಬೀಗದ ಬಾಯಿ ಸುತ್ತ ಒಂದು ತಾಮ್ರದ ಸುರುಳಿ ಇದೆ. ಕೀ ತಿರುಗಿಸಿದ ಕೂಡಲೇ ಆ ಸುರುಳಿ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಕೀಯೊಳಗಿನ ಚಿಪ್‌ನದೂ ಒಂದು ಸಣ್ಣ ಸುರುಳಿ; ಅದು ಆ ಕ್ಷೇತ್ರದಿಂದಲೇ ಒಂದಿಷ್ಟು ವಿದ್ಯುತ್ ಹೀರಿಕೊಂಡು ಎಚ್ಚರವಾಗುತ್ತದೆ. ಫೋರ್ಡ್ ಬಳಸಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಚಿಪ್‌ಗಳಲ್ಲಿ ಈ ಸಂಭಾಷಣೆ 134.2 ಕಿಲೊಹರ್ಟ್ಸ್ ತರಂಗದ ಮೇಲೆ ನಡೆಯುತ್ತದೆ. ಹತ್ತು ವರ್ಷ ಡ್ರಾಯರ್‌ನಲ್ಲಿ ಬಿದ್ದಿದ್ದ ಕೀಯೂ ತೆಗೆದು ಹಾಕಿದೊಡನೆ ಕೆಲಸ ಮಾಡುವುದು ಇದರಿಂದಲೇ.

ಮೊದಲ ತಲೆಮಾರಿನ ಚಿಪ್‌ಗಳು ಒಂದೇ ಸಂಖ್ಯೆಯನ್ನು ಪ್ರತಿ ಸಲ ಒಪ್ಪಿಸುತ್ತಿದ್ದವು. ಒಮ್ಮೆ ಕದ್ದು ಕೇಳಿಸಿಕೊಂಡವನಿಗೆ ಅಷ್ಟೇ ಸಾಕಿತ್ತು. ನಂತರ ಬಂದವು ಜಾಣತನ ಕಲಿತವು. ಕಾರು ಪ್ರತಿ ಸಲವೂ ಹೊಸದೊಂದು ಸಂಖ್ಯೆಯನ್ನು ಪ್ರಶ್ನೆಯಾಗಿ ಎಸೆಯುತ್ತದೆ. ಚಿಪ್ ತನ್ನೊಳಗಿನ ಗುಟ್ಟಿನ ಸಂಖ್ಯೆಯೊಂದಿಗೆ ಅದನ್ನು ಕಲಸಿ ಉತ್ತರ ಹೇಳುತ್ತದೆ. ಅದೇ ಗುಟ್ಟು ಕಾರಿಗೂ ಗೊತ್ತಿರುವುದರಿಂದ ಅದೂ ಲೆಕ್ಕ ಹಾಕಿ ನೋಡುತ್ತದೆ. ತಾಳೆಯಾದರೆ ಎಂಜಿನ್ ಓಡುತ್ತದೆ. ಗುಟ್ಟಿನ ಸಂಖ್ಯೆ ಮಾತ್ರ ಎಂದೂ ಗಾಳಿಗೆ ಬರುವುದಿಲ್ಲ.

ಹಾಗಾದರೆ ‘ಪ್ರೋಗ್ರಾಂ ಮಾಡುವುದು’ ಎಂದರೇನು? ಹೆಸರು ದೊಡ್ಡದು, ಕೆಲಸ ಸಣ್ಣದು. ಹೊಸ ಕೀಯ ಚಿಪ್‌ನ ಗುರುತನ್ನು ಕಾರು ತನ್ನ ನೆನಪಿನ ಪಟ್ಟಿಗೆ ಸೇರಿಸಿಕೊಳ್ಳುವುದು, ಅಷ್ಟೇ. ಈ ಪಟ್ಟಿಗೆ ಹೆಸರು ಸೇರಿಸಲು ಕಾರು ಯಾರ ಮಾತನ್ನು ನಂಬಬೇಕು ಎಂಬುದೇ ಇಡೀ ವಿಷಯದ ತಿರುಳು.

ಮನೆಯಂಗಳದ ವಿಧಿ

ಫೋರ್ಡ್‌ನ ಉತ್ತರ ಸರಳವಾಗಿತ್ತು: ಎರಡು ಬೇರೆ ಬೇರೆ ಕೀ ಇಟ್ಟುಕೊಂಡವನೇ ಮಾಲೀಕ. ವ್ಯಾಲೆಟ್ ಪಾರ್ಕಿಂಗ್ ಹುಡುಗನ ಕೈಗೋ ಗ್ಯಾರೇಜಿನ ಕೆಲಸಗಾರನ ಕೈಗೋ ಒಂದು ಕೀ ಹೋಗಬಹುದು, ಎರಡೂ ಹೋಗುವುದು ಅಪರೂಪ. ಬ್ಯಾಂಕ್ ಲಾಕರ್ ತೆರೆಯಲು ಎರಡು ಕೀ ಕೇಳುವಂತೆ, ಮೂರನೆಯ ಕೀ ಸೇರಿಸಲು ಈ ಕಾರು ಎರಡನ್ನು ಕೇಳುತ್ತದೆ.

ಮೊದಲು ಕಾರಿನ ವರ್ಷಕ್ಕೂ ಮಾದರಿಗೂ ಹೊಂದುವ ಚಿಪ್ ಇರುವ ಖಾಲಿ ಕೀ ಕೊಂಡು, ಅದರ ಹಲ್ಲುಗಳನ್ನು ಕೊರೆಸಿಕೊಳ್ಳಬೇಕು. ಬಳಿಕ ಚಾಲಕನ ಸೀಟಿನಲ್ಲಿ ಕೂತು ಮೂರೂ ಕೀಗಳನ್ನು ಬಿಡಿಬಿಡಿಯಾಗಿ ತೊಡೆಯ ಮೇಲಿಟ್ಟುಕೊಳ್ಳಬೇಕು. ಮೊದಲ ಹಳೆಯ ಕೀ ಹಾಕಿ, ಎಂಜಿನ್ ಸ್ಟಾರ್ಟ್ ಮಾಡದೆ ‘ಆನ್’ವರೆಗೆ ಮಾತ್ರ ತಿರುಗಿಸಿ, ಮೂರ್ನಾಲ್ಕು ಸೆಕೆಂಡು ಬಿಟ್ಟು ಆಫ್ ಮಾಡಿ ಹೊರಗೆಳೆಯಬೇಕು. ತಡಮಾಡದೆ ಎರಡನೆಯ ಹಳೆಯ ಕೀಗೂ ಅದನ್ನೇ ಮಾಡಬೇಕು. ಆಮೇಲೆ ಹೊಸ ಕೀ ಹಾಕಿ ಆನ್ ಮಾಡಬೇಕು. ಕೆಂಪು ದೀಪ ಸುಮಾರು ಮೂರು ಸೆಕೆಂಡು ಸ್ಥಿರವಾಗಿ ಉರಿದು ಆರಿದರೆ ಕೆಲಸ ಮುಗಿಯಿತು. ಪಟಪಟ ಮಿಟುಕಿದರೆ ಆಗಿಲ್ಲ ಎಂದರ್ಥ. ಸ್ವಲ್ಪ ಹೊತ್ತು ಬಿಟ್ಟು ಮೊದಲಿನಿಂದ ಶುರು ಮಾಡಬೇಕು.

ನಡುವೆ ಸಿಗುವ ಬಿಡುವು ಕೆಲವೇ ಸೆಕೆಂಡು. ಮಾದರಿಯಿಂದ ಮಾದರಿಗೆ ಇದು ಐದು, ಹತ್ತು, ಇಪ್ಪತ್ತು ಸೆಕೆಂಡು ಎಂದು ಬದಲಾಗುತ್ತದೆ, ಕೈಪಿಡಿ ನೋಡಿಯೇ ಹೊರಡಬೇಕು. ಬಹುಪಾಲು ಜನ ಸೋಲುವುದು ಇಲ್ಲಿ, ಒಂದೇ ಗೊಂಚಲಿನಲ್ಲಿ ಮೂರೂ ಕೀ ಇಟ್ಟುಕೊಂಡು ತಡವರಿಸುವಾಗ. ಗೊಂಚಲಿನಿಂದ ಬಿಡಿಸಲು ಇನ್ನೊಂದು ಕಾರಣವೂ ಇದೆ. ಹತ್ತಿರವಿರುವ ಎರಡನೆಯ ಚಿಪ್ ಮೊದಲನೆಯದರ ಮಾತಿಗೆ ಅಡ್ಡ ಬರುತ್ತದೆ.

ಒಂದು ಕಾರು ಎಂಟು ಕೀಗಳವರೆಗೆ ನೆನಪಿಟ್ಟುಕೊಳ್ಳುತ್ತದೆ. ಕೆಲವು ಕಾರುಗಳಲ್ಲಿ ಈ ಮನೆವಿಧಿಯನ್ನೇ ಉಪಕರಣದ ಮೂಲಕ ಬಂದ್ ಮಾಡಿರುವುದುಂಟು. ಹಿಂದೆ ಬಾಡಿಗೆ ಕಂಪನಿಯ ಅಥವಾ ಸಂಸ್ಥೆಯೊಂದರ ಕೈಲಿದ್ದ ಕಾರಿನಲ್ಲಿ ಎಲ್ಲ ಸರಿಯಾಗಿ ಮಾಡಿಯೂ ದೀಪ ಒಲಿಯದಿದ್ದರೆ ಈ ಅನುಮಾನ ಪಡಬಹುದು.

ಒಂದೊಂದು ಕಂಪನಿಗೆ ಒಂದೊಂದು ಪದ್ಧತಿ

ಕ್ರೈಸ್ಲರ್ ಕೂಡ ಎರಡು ಕೀಗಳ ನಂಬಿಕೆಯನ್ನೇ ಒಪ್ಪಿಕೊಂಡಿತು. 1990ರ ದಶಕದ ಕೊನೆಯಿಂದ ಅದರ ಜೀಪ್, ಡಾಜ್ ವಾಹನಗಳಲ್ಲಿ ಎರಡು ಹಳೆಯ ಕೀಗಳನ್ನು ಒಂದಾದ ಮೇಲೊಂದು ಹಾಕಿದರೆ ‘ಟಿಂಗ್’ ಎಂಬ ಸದ್ದು ಬಂದು ದೀಪ ಮಿಟುಕುತ್ತದೆ. ಅಲ್ಲಿಂದ ಒಂದು ನಿಮಿಷದೊಳಗೆ ಹೊಸದನ್ನು ಹಾಕಬೇಕು.

ಜನರಲ್ ಮೋಟರ್ಸ್ ಯೋಚಿಸಿದ್ದು ಬೇರೆ ಥರ. ಅದರ ‘ಪಾಸ್‌ಕೀ 3’ ಇರುವ ಅನೇಕ ಕಾರುಗಳಲ್ಲಿ ಹಳೆಯ ಮಾಸ್ಟರ್ ಕೀ ಒಂದಿದ್ದರೆ ಸಾಕು. ಅದೂ ಇಲ್ಲವೆಂದರೆ ತಾಳ್ಮೆ ಸಾಕು. ಹೊಸ ಕೀ ಹಾಕಿ ಆನ್ ಮಾಡಿ ಸೆಕ್ಯುರಿಟಿ ದೀಪ ಆರುವವರೆಗೆ ಸುಮಾರು ಹತ್ತು ನಿಮಿಷ ಕಾಯಬೇಕು, ಆಫ್ ಮಾಡಿ ಐದು ಸೆಕೆಂಡು ಬಿಡಬೇಕು. ಇದನ್ನು ಮೂರು ಸಲ ಮಾಡಿದರೆ ಕಾರು ಸೋತು ಒಪ್ಪಿಕೊಳ್ಳುತ್ತದೆ, ಹಳೆಯ ಕೀಗಳನ್ನೆಲ್ಲ ಮರೆಯುತ್ತದೆ. ಕಳ್ಳನೂ ಇದನ್ನು ಮಾಡಬಹುದಲ್ಲ ಎಂದರೆ ಮಾಡಬಹುದು. ಪರರ ಕಾರಿನೊಳಗೆ ಅರ್ಧ ಗಂಟೆ ತೆಪ್ಪಗೆ ಕೂರುವ ಎದೆಗಾರಿಕೆ ಕಳ್ಳನಿಗಿರದು ಎಂಬುದೇ ಎಂಜಿನಿಯರುಗಳ ಲೆಕ್ಕಾಚಾರ. ಕಾಲವನ್ನೇ ಬೀಗವಾಗಿಸಿದ ಈ ಉಪಾಯ ಅಗ್ಗವೂ ಹೌದು, ಚತುರವೂ ಹೌದು. ಒಂದೇ ಎಚ್ಚರಿಕೆ: ಅರ್ಧ ಗಂಟೆ ಇಗ್ನಿಷನ್ ಆನ್ ಇರುವುದರಿಂದ ಬ್ಯಾಟರಿ ಗಟ್ಟಿಯಾಗಿರಬೇಕು.

ಟೊಯೋಟದ್ದು ಬೇರೆಯದೇ ಆಟ. 1990ರ ದಶಕದ ಕೊನೆಯ ಕೆಲವು ಟೊಯೋಟ, ಲೆಕ್ಸಸ್ ಕಾರುಗಳಲ್ಲಿ ಮಾಸ್ಟರ್ ಕೀಯನ್ನು ತೂರಿಸಿ, ತಿರುಗಿಸದೆ, ಆಕ್ಸಿಲರೇಟರನ್ನು ಐದು ಸಲವೂ ಬ್ರೇಕನ್ನು ಆರು ಸಲವೂ ಒತ್ತಿ ಬಿಡಬೇಕು. ಆಮೇಲೆ ಮಾಸ್ಟರ್ ತೆಗೆದು ಹೊಸ ಕೀ ತೂರಿಸಿ, ಆಕ್ಸಿಲರೇಟರನ್ನು ಒಮ್ಮೆ ಒತ್ತಿ, ದೀಪ ಆರುವವರೆಗೆ ಒಂದು ನಿಮಿಷ ಕಾಯಬೇಕು. ಹೊರಗಿನಿಂದ ನೋಡಿದವರಿಗೆ ಚಾಲಕನಿಗೆ ಏನೋ ಆಗಿದೆ ಅನ್ನಿಸಿದರೆ ತಪ್ಪಿಲ್ಲ. ಇಲ್ಲೊಂದು ಕಟ್ಟಳೆಯೂ ಉಂಟು. ಕಪ್ಪು ತಲೆಯ ಮಾಸ್ಟರ್ ಕೀಗೆ ಮಾತ್ರ ಈ ಅಧಿಕಾರ, ಬೂದು ತಲೆಯ ವ್ಯಾಲೆಟ್ ಕೀಗೆ ಇಲ್ಲ.

ಹೋಂಡಾದಲ್ಲಿ ಮನೆಯ ಆಟ ನಡೆಯದು. ಉಪಕರಣ ಬೇಕೇ ಬೇಕು.

ಎಡವುವ ಜಾಗಗಳು

ಕೀಯಲ್ಲಿ ಚಿಪ್ ಇದೆಯೋ ಇಲ್ಲವೋ ಎಂದು ತಿಳಿಯಲು ಬೀಗದ ಕೆಲಸದವರಲ್ಲಿ ಹಳೆಯ ಉಪಾಯವೊಂದಿದೆ. ಕೀಯ ತಲೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಬಿಗಿಯಾಗಿ ಸುತ್ತಿ ಸ್ಟಾರ್ಟ್ ಮಾಡಿ ನೋಡುವುದು. ಲೋಹದ ಹಾಳೆ ತರಂಗವನ್ನು ತಡೆಯುತ್ತದೆ. ಕಾರು ಸ್ಟಾರ್ಟ್ ಆಗದಿದ್ದರೆ ಚಿಪ್ ಇದೆ, ಸ್ಟಾರ್ಟ್ ಆದರೆ ಅದು ಸಾದಾ ಕೀ.

ಬಟನ್ ಒತ್ತಿದರೆ ಬಾಗಿಲು ತೆರೆಯುವ ರಿಮೋಟ್ ಬೇರೆ, ಎಂಜಿನ್‌ಗೆ ಅಪ್ಪಣೆ ಕೊಡುವ ಚಿಪ್ ಬೇರೆ. ಎರಡೂ ಒಂದೇ ಪ್ಲಾಸ್ಟಿಕ್ ತಲೆಯೊಳಗೆ ಇರುವಾಗ ಗೊಂದಲ ಸಹಜ. ಕಾರು ಸ್ಟಾರ್ಟ್ ಆಗದೆ ಕೆಂಪು ದೀಪ ಮಿಟುಕುವಾಗ ಕೀಯ ಬ್ಯಾಟರಿ ಬದಲಿಸುವವರಿದ್ದಾರೆ. ಅದರಿಂದ ರಿಮೋಟ್ ಚುರುಕಾದೀತೇ ಹೊರತು ಎಂಜಿನ್ ಏಳದು. ರಿಮೋಟನ್ನು ಕಾರಿಗೆ ಜೋಡಿಸುವ ವಿಧಿಯೂ ಪ್ರತ್ಯೇಕ. ಹಳೆಯ ಫೋರ್ಡ್‌ಗಳಲ್ಲಿ ಹತ್ತು ಸೆಕೆಂಡಿನೊಳಗೆ ಎಂಟು ಸಲ ಇಗ್ನಿಷನ್ ಆನ್–ಆಫ್ ಮಾಡಿದರೆ ಬಾಗಿಲ ಬೀಗಗಳು ಖಟ್ಟೆಂದು ಸದ್ದು ಮಾಡಿ ‘ತಯಾರು’ ಎನ್ನುತ್ತವೆ.

ಎಲ್ಲಕ್ಕಿಂತ ಹೆಚ್ಚು ಜನ ಬೀಳುವ ಹಳ್ಳವೆಂದರೆ ಕ್ಲೋನ್ ಕೀ. ಮಳಿಗೆಗಳಲ್ಲಿರುವ ಯಂತ್ರ ಹಳೆಯ ಕೀಯ ಚಿಪ್ಪನ್ನು ಓದಿ ಅದರ ಗುರುತನ್ನೇ ಇನ್ನೊಂದು ಚಿಪ್‌ಗೆ ಇಳಿಸುತ್ತದೆ. ಕಾರಿಗೆ ಅವೆರಡೂ ಒಂದೇ ಕೀ. ದಿನನಿತ್ಯದ ಓಡಾಟಕ್ಕೆ ಏನೂ ತೊಂದರೆಯಿಲ್ಲ. ಮೂರನೆಯ ಕೀ ಸೇರಿಸಲು ಕೂತಾಗ ಮಾತ್ರ ಕಾರು ಬಿಲ್ಕುಲ್ ಒಪ್ಪುವುದಿಲ್ಲ. ಅದು ಕೇಳುವುದು ಎರಡು ಬೇರೆ ಬೇರೆ ಗುರುತು. ‘ಎರಡು ಕೀ ಇವೆ, ಆದರೂ ಆಗುತ್ತಿಲ್ಲ’ ಎನ್ನುವವರ ಕೈಯಲ್ಲಿ ಹಲವು ಸಲ ಇರುವುದು ಒಂದು ಮೂಲ, ಒಂದು ಕ್ಲೋನ್.

ಖಾಲಿ ಕೀ ಕೊಳ್ಳುವಾಗಲೂ ಕಣ್ಣು ತೆರೆದಿರಬೇಕು. ಹೊರಗಿನಿಂದ ಒಂದೇ ಥರ ಕಾಣುವ ಕೀಗಳೊಳಗೆ ಬೇರೆ ಬೇರೆ ತಲೆಮಾರಿನ ಚಿಪ್‌ಗಳಿರುತ್ತವೆ. ಟೊಯೋಟ ಇದನ್ನು ಕೀ ಅಲಗಿನ ಮೇಲೇ ಬರೆದಿಟ್ಟಿದೆ. ಒಂದು ಚುಕ್ಕಿ ಇದ್ದರೆ ಒಂದು ತಲೆಮಾರು, ‘ಜಿ’ ಅಕ್ಷರವಿದ್ದರೆ ಅದರ ನಂತರದ್ದು, ‘ಎಚ್’ ಇದ್ದರೆ ಮತ್ತೂ ಈಚಿನದು. ಒಂದರ ಜಾಗಕ್ಕೆ ಇನ್ನೊಂದು ಬರದು. ಇನ್ನು ಹಲ್ಲಿನ ವಿಷಯ: ಹದಿನೈದು ವರ್ಷ ಸವೆದ ಕೀಯನ್ನು ನೋಡಿ ಕೊರೆದರೆ ಸವಕಳಿಯ ನಕಲೇ ಸಿಗುತ್ತದೆ. ಕಾರಿನ ಕೀ ಸಂಖ್ಯೆ ಸಿಕ್ಕರೆ ಅದರ ಪ್ರಕಾರ ಕೊರೆಸುವುದೇ ಒಳ್ಳೆಯದು.

ಇರುವುದು ಒಂದೇ, ಅಥವಾ ಒಂದೂ ಇಲ್ಲ

ಒಂದೇ ಕೀ ಇದ್ದಾಗ ಫೋರ್ಡ್ ಮಾಲೀಕನ ದರ್ಜೆ ಕುಸಿಯುತ್ತದೆ. ಕಾರು ಓಡಿಸಬಹುದು, ಕೀ ಸೇರಿಸುವಂತಿಲ್ಲ. ಆಗ ಕಾರಿನ ಡ್ಯಾಶ್‌ಬೋರ್ಡ್ ಕೆಳಗಿರುವ ಓಬಿಡಿ ಪೋರ್ಟ್‌ಗೆ ಉಪಕರಣ ಸಿಕ್ಕಿಸಬೇಕಾಗುತ್ತದೆ. ಡೀಲರ್‌ಗಳ ಬಳಿ ಅದಿರುತ್ತದೆ, ಊರೂರು ಸುತ್ತುವ ಬೀಗ ತಜ್ಞರ ವ್ಯಾನಿನಲ್ಲೂ ಇರುತ್ತದೆ. ಕೈಚಳಕವಿರುವ ಮನೆ ಮೆಕ್ಯಾನಿಕ್‌ಗಳು ಲ್ಯಾಪ್‌ಟಾಪ್‌ಗೆ ಫೋರ್‌ಸ್ಕ್ಯಾನ್ ಎಂಬ ತಂತ್ರಾಂಶ ಹಾಕಿ, ಅಗ್ಗದ ಅಡಾಪ್ಟರ್ ಜೋಡಿಸಿ ತಾವೇ ಮಾಡಿಕೊಳ್ಳುವುದೂ ಉಂಟು. ಇಲ್ಲೂ ಕಾರು ತನ್ನ ಅನುಮಾನ ಬಿಡುವುದಿಲ್ಲ. ಒಳಗೆ ಬಿಡುವ ಮೊದಲು ಸುಮಾರು ಹತ್ತು ನಿಮಿಷ ಕಾಯಿಸುತ್ತದೆ. ಹಳೆಯ ಕೀಗಳನ್ನೆಲ್ಲ ಅಳಿಸಿದರೆ ಕನಿಷ್ಠ ಎರಡು ಕೀ ಸೇರಿಸದ ಹೊರತು ಎಂಜಿನ್ ಸ್ಟಾರ್ಟ್ ಆಗದು. ಅಳಿಸುವ ಬಟನ್ ಒತ್ತುವ ಮುನ್ನ ಎರಡು ಕೀ ಕೈಯಲ್ಲಿವೆಯೇ ಎಂದು ನೋಡಿಕೊಳ್ಳದವರು ಓಡುತ್ತಿದ್ದ ಕಾರನ್ನೂ ನಿಲ್ಲಿಸಿಕೊಳ್ಳುತ್ತಾರೆ.

ಅಮೆರಿಕದಲ್ಲಿ ಬೀಗ ತಜ್ಞರು ಕಾರು ಕಂಪನಿಗಳಿಂದ ಕೀ ಸಂಕೇತ ಪಡೆಯಲು ನಾಸ್ಟಫ್ ಎಂಬ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿರಬೇಕು, ಅದಕ್ಕೆ ಮುನ್ನ ಅವರ ಹಿನ್ನೆಲೆ ತಪಾಸಣೆ ನಡೆಯುತ್ತದೆ. ಗ್ರಾಹಕನೇ ಕಾರಿನ ಮಾಲೀಕ ಎಂಬ ದಾಖಲೆ ನೋಡಿಯೇ ಅವರು ಕೆಲಸ ಮಾಡಬೇಕು. ನೋಂದಣಿ ಪತ್ರ ಕೇಳದೆ ಕೀ ಮಾಡಿಕೊಡಲು ಒಪ್ಪುವವನಿಂದ ದೂರ ಇರುವುದೇ ಕ್ಷೇಮ.

ಹಳೆಯ ಟೊಯೋಟ, ಲೆಕ್ಸಸ್‌ಗಳಲ್ಲಿ ಮಾಸ್ಟರ್ ಕೀಗಳೆಲ್ಲ ಕಳೆದರೆ ಕತೆ ಇನ್ನೂ ಕಠಿಣ. ಎಂಜಿನ್ ಕಂಪ್ಯೂಟರನ್ನೇ ಬದಲಿಸಬೇಕು, ಇಲ್ಲವೇ ಅದನ್ನು ಬಿಚ್ಚಿ ಒಳಗಿನ ನೆನಪಿನ ಚಿಪ್ಪನ್ನು ಮತ್ತೆ ಬರೆಸಬೇಕು. 1990ರ ದಶಕದ ಫಿಯಟ್ ಕಾರುಗಳೂ ಡುಕಾಟಿ ಬೈಕುಗಳೂ ಕೆಂಪು ತಲೆಯ ಒಂದು ಮಾಸ್ಟರ್ ಕೀಯೊಂದಿಗೆ ಬರುತ್ತಿದ್ದವು. ಕೀ ಸೇರಿಸುವ ಅಧಿಕಾರವೆಲ್ಲ ಅದೊಂದರಲ್ಲೇ. ಎರಡನೆಯ, ಮೂರನೆಯ ಮಾಲೀಕರ ಹೊತ್ತಿಗೆ ಆ ಕೆಂಪು ಕೀ ಎಲ್ಲೋ ಕಾಣೆಯಾಗಿರುತ್ತಿತ್ತು. ಹಳೆಯ ಗಾಡಿಯ ಬೆಲೆ ಕೆಂಪು ಕೀ ಇದೆಯೋ ಇಲ್ಲವೋ ಎಂಬುದರ ಮೇಲೆ ಏರಿಳಿಯುವಷ್ಟರ ಮಟ್ಟಿಗೆ ಇದು ಹೋಯಿತು. ಮಾಲೀಕತ್ವವನ್ನು ಒಂದೇ ವಸ್ತುವಿಗೆ ಕಟ್ಟಿಹಾಕಿದ ಈ ವಿನ್ಯಾಸಕ್ಕಿಂತ ಫೋರ್ಡ್‌ನ ಎರಡು ಕೀಗಳ ನಿಯಮ ಎಷ್ಟೋ ವಾಸಿ.

ಗುಟ್ಟು ರಟ್ಟಾದ ಬಗೆ

ಫೋರ್ಡ್ ಬಳಸಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್‌ನ ಗುಟ್ಟಿನ ಸಂಖ್ಯೆ 40 ಬಿಟ್ ಉದ್ದದ್ದು. ಅಂದರೆ ಒಂದು ಲಕ್ಷ ಕೋಟಿಗೂ ಹೆಚ್ಚು ಸಾಧ್ಯತೆಗಳು. 1990ರ ದಶಕಕ್ಕೆ ಇದು ದೊಡ್ಡ ಸಂಖ್ಯೆಯೇ. ಆದರೆ ಕಂಪ್ಯೂಟರುಗಳು ಕಾರುಗಳಿಗಿಂತ ಬೇಗ ಬೆಳೆಯುತ್ತವೆ.

2005ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಹಾಗೂ ಆರ್‌ಎಸ್‌ಎ ಪ್ರಯೋಗಾಲಯದ ಸಂಶೋಧಕರು ಈ ಚಿಪ್‌ನ ಒಳಗಣ ಲೆಕ್ಕಾಚಾರವನ್ನು ಹೊರಗಿನಿಂದಲೇ ಊಹಿಸಿ ಬಿಡಿಸಿದರು. 16 ವಿಶೇಷ ಚಿಪ್‌ಗಳನ್ನು ಸಾಲಾಗಿ ಜೋಡಿಸಿದ ಯಂತ್ರ ಕಟ್ಟಿದರು. ಸವಾಲಾಗಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಳಿಸಿದ್ದ ಐದು ಚಿಪ್‌ಗಳ ಗುಟ್ಟನ್ನು ಎರಡು ಗಂಟೆಯೊಳಗೆ ಹೊರತೆಗೆದರು. ಬಳಿಕ ತಮ್ಮದೇ 2005ರ ಫೋರ್ಡ್ ಎಸ್ಕೇಪ್ ವಾಹನವನ್ನು ಸಾದಾ ಕೀ ಮತ್ತು ಕೃತಕ ಚಿಪ್ ಬಳಸಿ ಸ್ಟಾರ್ಟ್ ಮಾಡಿ ತೋರಿಸಿದರು. ಆಗ ಅಂಥ 15 ಕೋಟಿಗೂ ಹೆಚ್ಚು ವಾಹನ ಕೀಗಳು ಬಳಕೆಯಲ್ಲಿದ್ದವು.

ಅದೇ ಬಗೆಯ ಚಿಪ್ ಎಕ್ಸಾನ್ ಮೊಬಿಲ್ ಬಂಕ್‌ಗಳಲ್ಲಿ ಪೆಟ್ರೋಲ್ ಹಾಕಿಸಿ ಹಣ ಕೊಡುವ ‘ಸ್ಪೀಡ್‌ಪಾಸ್’ ಬಿಲ್ಲೆಯಲ್ಲೂ ಇತ್ತು, ಅದನ್ನೂ ಇವರು ನಕಲು ಮಾಡಿದರು. ಫೋರ್ಡ್‌ನ ಕೈಪಿಡಿ ಪೆಟ್ರೋಲ್ ಕೊಳ್ಳುವ ಎಲೆಕ್ಟ್ರಾನಿಕ್ ಬಿಲ್ಲೆಗಳನ್ನು ಕೀ ಗೊಂಚಲಿನಲ್ಲಿ ಇಟ್ಟರೆ ಸ್ಟಾರ್ಟ್ ಆಗಲು ತೊಂದರೆಯಾದೀತು ಎಂದು ಎಚ್ಚರಿಸುತ್ತಿದ್ದುದರ ಹಿಂದೆ ಇರುವುದು ಈ ನೆಂಟಸ್ತಿಕೆಯೇ.

ಮುಂದೆ ಬೇರೆ ಕಂಪನಿಗಳ ಚಿಪ್‌ಗಳೂ ಬಿದ್ದವು. ಹಿಟ್ಯಾಗ್ 2 ಎಂಬುದನ್ನು ಆರು ನಿಮಿಷದಲ್ಲಿ ಒಡೆಯಬಹುದೆಂದು 2012ರಲ್ಲಿ ಪ್ರಕಟವಾಯಿತು. ಮೆಗಾಮೋಸ್ ಎಂಬ ಇನ್ನೊಂದರ ದೋಷವನ್ನು ಪ್ರಕಟಿಸದಂತೆ ಫೋಕ್ಸ್‌ವ್ಯಾಗನ್ 2013ರಲ್ಲಿ ಲಂಡನ್ನಿನ ಹೈಕೋರ್ಟ್‌ನಿಂದ ತಡೆ ತಂದಿತು. ಎರಡು ವರ್ಷದ ಬಳಿಕ, 2015ರಲ್ಲಿ, ಆ ಪ್ರಬಂಧ ಬೆಳಕು ಕಂಡಿತು. ಇವತ್ತು ಮಳಿಗೆಗಳಲ್ಲಿ ಹಳೆಯ ಕೀ ಕ್ಲೋನ್ ಮಾಡಿಕೊಡುವ ಯಂತ್ರಗಳು ನಡೆಯುತ್ತಿರುವುದು ಇಂಥ ಗುಟ್ಟುಗಳು ರಟ್ಟಾಗಿದ್ದರಿಂದಲೇ.

ಚಿಪ್ ಇಲ್ಲದವರ ಪಾಡು

ಹಾಗೆಂದು ದುರ್ಬಲ ಚಿಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎನ್ನುವಂತಿಲ್ಲ. ಅದಕ್ಕೆ ಸಾಕ್ಷಿ ಅಮೆರಿಕದ ಕಿಯಾ ಮತ್ತು ಹ್ಯುಂಡೈ ಕಾರುಗಳು. 2015ರ ಮಾದರಿಗಳಲ್ಲಿ ಬೇರೆ ಕಂಪನಿಗಳ ಶೇ 96ರಷ್ಟು ಕಾರುಗಳಿಗೆ ಇಮ್ಮೊಬಿಲೈಸರ್ ಇದ್ದರೆ ಈ ಎರಡು ಕಂಪನಿಗಳಲ್ಲಿ ಇದ್ದದ್ದು ಶೇ 26ಕ್ಕೆ ಮಾತ್ರ. ಸ್ಟೀರಿಂಗ್ ಬದಿಯ ಹೊದಿಕೆ ಕಿತ್ತು, ಯುಎಸ್‌ಬಿ ಕೇಬಲ್‌ನ ತುದಿಯಿಂದ ಇಗ್ನಿಷನ್ ತಿರುಗಿಸಿ ಓಡಿಸುವ ವಿಡಿಯೊಗಳು 2021–22ರಲ್ಲಿ ಹುಡುಗರ ನಡುವೆ ಹರಿದಾಡಿದವು. ಹುಡುಗಾಟ ಸಾವಿಗೂ ತಿರುಗಿತು. 2023ರ ಫೆಬ್ರುವರಿ ವೇಳೆಗೆ ಕನಿಷ್ಠ 14 ಅಪಘಾತ, ಎಂಟು ಸಾವು ಇದಕ್ಕೆ ತಳುಕು ಹಾಕಿಕೊಂಡಿದ್ದವು. ಸುಮಾರು 83 ಲಕ್ಷ ಕಾರುಗಳಿಗೆ ಕಂಪನಿಗಳು ಉಚಿತ ತಂತ್ರಾಂಶ ತಿದ್ದುಪಡಿ ಘೋಷಿಸಿದವು, ಸುಮಾರು 20 ಕೋಟಿ ಡಾಲರ್ ಪರಿಹಾರಕ್ಕೂ ಒಪ್ಪಿದವು.

ಗಡಿಯಾಚೆ ಕೆನಡಾದಲ್ಲಿ 2007ರಿಂದಲೇ ಇಮ್ಮೊಬಿಲೈಸರ್ ಕಡ್ಡಾಯ. ಅಲ್ಲಿ ಮಾರಾಟವಾದ ಅದೇ ಮಾದರಿಗಳಿಗೆ ಈ ಪಿಡುಗು ತಟ್ಟಲಿಲ್ಲ. ಕಾರು ಕಂಪನಿ ಒಂದು ಚಿಪ್‌ನಲ್ಲಿ ಉಳಿಸಿದ ಕಾಸು ಎಷ್ಟೋ, ಕೊನೆಗೆ ತೆತ್ತದ್ದು ಅದರ ಎಷ್ಟೋ ಪಟ್ಟು.

ನಮ್ಮೂರಿನ ಲೆಕ್ಕ

ಬೆಂಗಳೂರಿನ ಫುಟ್‌ಪಾತ್‌ಗಳಲ್ಲಿ ಅರ ಹಿಡಿದು ಕೂತು, ಬೀಗಕ್ಕೆ ಕಣ್ಣಿಟ್ಟೇ ಕೀ ಕೊರೆಯುವ ಕುಶಲಿಗರು ಇಂದಿಗೂ ಇದ್ದಾರೆ. ಅವರ ಅರಕ್ಕೆ ಚಿಪ್ ದಕ್ಕದು. ಹಾಗಾಗಿ ನಗರಗಳ ಕೀ ಮೇಕರ್‌ಗಳಲ್ಲಿ ಹಲವರು ಓಬಿಡಿ ಉಪಕರಣ ಹಿಡಿದು ಕಾರಿನ ಬಳಿಗೇ ಬರತೊಡಗಿದ್ದಾರೆ. ಮಾರುತಿ ತನ್ನ ಇಮ್ಮೊಬಿಲೈಸರ್‌ಗೆ ‘ಐಕ್ಯಾಟ್ಸ್’ ಎಂದು ಹೆಸರಿಟ್ಟು ಜಾಹೀರಾತು ಮಾಡಿದ ಕಾಲದಿಂದ ಚಿಪ್ ಕೀ ನಮ್ಮಲ್ಲೂ ಮನೆಮಾತು. ಆದರೆ ಸೀಟಿನಲ್ಲಿ ಕೂತು ಕೀ ಸೇರಿಸುವ ಸೌಲಭ್ಯ ಇಲ್ಲಿನ ಬಹುತೇಕ ಕಾರುಗಳಿಗಿಲ್ಲ. ಷೋರೂಂನ ಉಪಕರಣ, ಕಾರಿನ ದಾಖಲೆ, ಗುಟ್ಟಿನ ಪಿನ್ ಸಂಖ್ಯೆ ಇವೆಲ್ಲ ಬೇಕಾಗುತ್ತವೆ.

ಎರಡನೆಯ ಕೀಗೆ ನಮ್ಮಲ್ಲಿ ಇನ್ನೊಂದು ಬೆಲೆಯಿದೆ. ಕಾರು ಕಳವಾಗಿ ವಿಮೆ ಕೇಳಲು ಹೋದರೆ ಕಂಪನಿಗಳು ಎರಡೂ ಮೂಲ ಕೀಗಳನ್ನು ತಂದೊಪ್ಪಿಸಿ ಎನ್ನುತ್ತವೆ. ಒಂದೇ ಇದ್ದರೆ ಇನ್ನೊಂದು ಎಲ್ಲಿ ಹೋಯಿತು, ಕಾರಲ್ಲೇ ಬಿಟ್ಟಿದ್ದಿರಾ ಎಂಬ ಪ್ರಶ್ನೆ ಏಳುತ್ತದೆ. ಗ್ರಾಹಕ ನ್ಯಾಯಾಲಯಗಳ ಮೆಟ್ಟಿಲು ಹತ್ತಿದ ತಕರಾರುಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬಂದಿದೆ. ಕೀ ಕಳೆದ ದಿನವೇ ಪೊಲೀಸರ ಬಳಿ ಕಳೆದುಹೋದ ವಸ್ತುವಿನ ದೂರು ದಾಖಲಿಸಿ, ವಿಮಾ ಕಂಪನಿಗೂ ಬರೆದು ತಿಳಿಸಿದರೆ ಮುಂದೆ ಉತ್ತರ ಕೊಡಲು ಕೈಯಲ್ಲಿ ಕಾಗದವಿರುತ್ತದೆ.

ಕೀ ಕಳೆದದ್ದಲ್ಲ, ಕದ್ದದ್ದು ಎಂಬ ಅನುಮಾನವಿದ್ದರೆ ಹೊಸದೊಂದನ್ನು ಸೇರಿಸಿ ಸುಮ್ಮನಾಗಬಾರದು. ಹಳೆಯ ಕೀ ಕಾರಿನ ಪಟ್ಟಿಯಲ್ಲಿ ಹಾಗೇ ಉಳಿದಿರುತ್ತದೆ. ಪಟ್ಟಿಯನ್ನೇ ಅಳಿಸಿ, ಕೈಯಲ್ಲಿರುವ ಕೀಗಳನ್ನು ಮಾತ್ರ ಮತ್ತೆ ಸೇರಿಸಿಕೊಡುವಂತೆ ಕೇಳಬೇಕು.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು, ಅದು ಬೆಂಗಳೂರಿನಲ್ಲಾಗಲಿ ಡಲ್ಲಾಸ್‌ನಲ್ಲಾಗಲಿ, ಎಂಜಿನ್ ಸದ್ದು ಕೇಳುವ ಮೊದಲು ಎರಡೂ ಕೀ ಕೇಳಿ. ಎರಡನ್ನೂ ಒಂದೊಂದಾಗಿ ಹಾಕಿ ಸ್ಟಾರ್ಟ್ ಮಾಡಿ ನೋಡಿ. ಒಂದೇ ಕೀ ಕೊಟ್ಟರೆ ಇನ್ನೊಂದರ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಎರಡು ಕೀ ಇರುವ ಹಳೆಯ ಫೋರ್ಡೋ ಜೀಪೋ ಮನೆಯಲ್ಲಿದ್ದರೆ, ಒಂದು ಕಳೆಯುವವರೆಗೆ ಕಾಯದೆ, ಈ ಭಾನುವಾರವೇ ಕೈಪಿಡಿ ತೆರೆದು ಮೂರನೆಯದನ್ನು ಸೇರಿಸಿಬಿಡಿ.